ಮ್ಯಾಕ್ಸ್‌ವೆಲ್ ಅಂತ ಒಂದು ಕಾರಿತ್ತು, ಯಾರಿಗಾದರೂ ಗೊತ್ತಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಫೋರ್ಡ್ ಮಾಡೆಲ್ ಟಿ ಬಗ್ಗೆ ಮಾತು ನಡೆದಿತ್ತು. ಆಗ ಒಬ್ಬರು, 'ಆ ಕಾಲಕ್ಕೆ ಅಮೆರಿಕದಲ್ಲಿ ಫೋರ್ಡ್ ಬಿಟ್ಟರೆ ಇನ್ನೇನಿತ್ತು?' ಅಂತ ಕೇಳಿದ್ದರು. ಬೇಕಾದಷ್ಟಿತ್ತು ಸ್ವಾಮಿ! ಊರಿಗೊಂದು ಕಾರ್ ಕಂಪನಿ ಹುಟ್ಟಿ ಸಾಯುತ್ತಿದ್ದ ಕಾಲ ಅದು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದರ ಬಗ್ಗೆ ಬರೆಯುತ್ತೇನೆ. ಅದರ ಹೆಸರು ಮ್ಯಾಕ್ಸ್‌ವೆಲ್.

1904ರಲ್ಲಿ ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿ ದಂಡೆಯ ಟ್ಯಾರಿಟೌನ್‌ನಲ್ಲಿ ಮ್ಯಾಕ್ಸ್‌ವೆಲ್-ಬ್ರಿಸ್ಕೋ ಕಂಪನಿ ಶುರುವಾಯಿತು. ಪಾಲುದಾರರು ಇಬ್ಬರು. ಜೊನಾಥನ್ ಮ್ಯಾಕ್ಸ್‌ವೆಲ್ ಕೈಗೆ ಗ್ರೀಸ್ ಹಚ್ಚಿಕೊಳ್ಳುವ ಆಸಾಮಿ. ಇಂಡಿಯಾನಾದ ಕೊಕೊಮೊದಲ್ಲಿ ಎಲ್‌ವುಡ್ ಹೇನ್ಸ್ 1894ರಲ್ಲಿ ತನ್ನ ಮೊದಲ ಕಾರು ಕಟ್ಟಿಸಿದಾಗ ಆ ಕೆಲಸದಲ್ಲಿ ಇವನೂ ಇದ್ದ. ಆಮೇಲೆ ಓಲ್ಡ್ಸ್ ಕಾರು ಕಂಪನಿಯಲ್ಲಿ ದುಡಿದ. ಇನ್ನೊಬ್ಬ ಬೆಂಜಮಿನ್ ಬ್ರಿಸ್ಕೋ. ಡೆಟ್ರಾಯಿಟ್‌ನಲ್ಲಿ ತಗಡಿನ ಕೆಲಸದ ಕಾರ್ಖಾನೆ ಇಟ್ಟುಕೊಂಡಿದ್ದ. ಡೇವಿಡ್ ಬ್ಯುಯಿಕ್‌ಗೆ ಮೊದಲು ದುಡ್ಡು ಹಾಕಿದವನೂ ಇವನೇ. ಆಮೇಲೆ ಬೇಜಾರಾಗಿ 1903ರಲ್ಲಿ ಬ್ಯುಯಿಕ್ ಕಂಪನಿಯನ್ನು ಫ್ಲಿಂಟ್ ಊರಿನವರಿಗೆ ದಾಟಿಸಿಬಿಟ್ಟ. ಅದೇ ಬ್ಯುಯಿಕ್ ಮುಂದೆ ಜನರಲ್ ಮೋಟರ್ಸ್‌ಗೆ ಬುನಾದಿಯಾಯಿತು. ಅಂಥ ಅದೃಷ್ಟವಂತ ನಮ್ಮ ಬ್ರಿಸ್ಕೋ!

ಕಾರು ಮಾತ್ರ ಚೆನ್ನಾಗಿತ್ತು. ಮೊದಮೊದಲಿನವಕ್ಕೆ ಎರಡು ಸಿಲಿಂಡರ್, ಎದುರುಬದುರು ಮಲಗಿಸಿದ ಎಂಜಿನ್. ಆಗಿನ ಬಹಳಷ್ಟು ಗಾಡಿಗಳಲ್ಲಿ ಸೈಕಲ್ ತರಹ ಚೈನ್ ಇರುತ್ತಿತ್ತು. ಕೆಸರು, ಧೂಳು ಹತ್ತಿ ಅದು ಕಿರಿಕಿರಿ. ಮ್ಯಾಕ್ಸ್‌ವೆಲ್‌ನಲ್ಲಿ ಚೈನ್ ಬದಲು ಚಕ್ರ ತಿರುಗಿಸುವ ದಂಡ, ಅಂದರೆ ಶಾಫ್ಟ್ ಇತ್ತು. ಎಂಜಿನ್ ತಣ್ಣಗಿಡಲು ನೀರಿನ ಪಂಪೇ ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ ರೇಡಿಯೇಟರ್‌ಗೆ ಹೋಗಬೇಕು, ತಣಿದದ್ದು ಕೆಳಗಿಳಿದು ಎಂಜಿನ್‌ಗೆ ಬರಬೇಕು. ನಮ್ಮ ತಾರಸಿ ಮೇಲಿನ ಸೋಲಾರ್ ಹೀಟರ್ ನಡೆಯುವುದೂ ಹೀಗೇ ಅಲ್ವಾ? ಪಂಪೇ ಇಲ್ಲದ ಮೇಲೆ ಪಂಪ್ ಕೆಡುವ ಚಿಂತೆ ಇಲ್ಲ. ಆದರೆ ನೀರು ಸ್ವಲ್ಪ ಕಮ್ಮಿಯಾದರೂ ಸುತ್ತುವುದು ನಿಂತು ಕುದಿ ಬರುತ್ತದೆ.

ಕೆಲವು ವರ್ಷ ಫೋರ್ಡ್, ಬ್ಯುಯಿಕ್, ಮ್ಯಾಕ್ಸ್‌ವೆಲ್ ಅಂತ ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಈಗ ಮೂರನೆಯದು ಯಾರಿಗೂ ನೆನಪಿಲ್ಲ. ಯಾಕೆ? ನನ್ನ ಪ್ರಕಾರ ವಾಲ್ಟರ್ ಕ್ರೈಸ್ಲರ್ ಎಂಬ ಕಾರು ಉದ್ಯಮಿ ಬಂದು ಕೊಂದುಹಾಕಿದ. ಒಪ್ಪದವರು ಹೇಳಿ.

ಬೆಣ್ಣೆದೋಸೆ:
ಹೆಡಿಂಗ್ ನೋಡಿ ಪಿಯುಸಿ ಫಿಸಿಕ್ಸ್ ನೆನಪಾಗಿ ಬೆವರು ಬಂತು. ಆ ಮ್ಯಾಕ್ಸ್‌ವೆಲ್ ಅಲ್ಲ ತಾನೆ?

ಹಳೇಗಾಡಿ:
ಅಲ್ಲ ಮಾರಾಯ. ಈ ಮ್ಯಾಕ್ಸ್‌ವೆಲ್ ಪರೀಕ್ಷೆಯಲ್ಲಿ ಬರಲ್ಲ, ಹೆದರಬೇಡ.

ಸುಮ್ನೆಓದುವವಳು:
ಹಳೇಗಾಡಿ ಅವರೇ, ಒಂದು ದಡ್ಡ ಪ್ರಶ್ನೆ. 'ಟೂರಿಂಗ್ ಕಾರ್' ಅಂತ ಎಲ್ಲ ಕಡೆ ಓದುತ್ತೇನೆ. ಟ್ಯಾಕ್ಸಿನಾ ಅದು? ನನಗೆ ಟೂರಿಂಗ್ ಟಾಕೀಸ್ ಬಿಟ್ಟರೆ ಬೇರೆ ಟೂರಿಂಗ್ ಗೊತ್ತಿಲ್ಲ.

ಹಳೇಗಾಡಿ:
ಟಾಕೀಸ್‌ಗೂ ಇದಕ್ಕೂ ಸ್ವಲ್ಪ ನಂಟಿದೆ ಅನ್ನಿ. ಎರಡಕ್ಕೂ ಮೇಲೆ ಬರೀ ಬಟ್ಟೆ!

ಟೂರಿಂಗ್ ಕಾರ್ ಅಂದರೆ ಬಾಡಿಯ ಒಂದು ಬಗೆ. ಎರಡು ಸಾಲು ಸೀಟು, ನಾಲ್ಕೈದು ಜನ ಕೂರಬಹುದು. ತಲೆ ಮೇಲೆ ಮಡಚುವ ಟಾಪು. ಪಕ್ಕಕ್ಕೆ ಗಾಜಿಲ್ಲ. ಮಳೆ ಬಂದರೆ ಇಳಿದು ಟಾಪು ಎಳೆದು ಕಟ್ಟಬೇಕು, ಅಷ್ಟರಲ್ಲಿ ನೀವು ನೆನೆದು ಆಗಿರುತ್ತದೆ. ಇಬ್ಬರೇ ಕೂರುವ ಪುಟ್ಟ ಗಾಡಿಗೆ ರನ್‌ಅಬೌಟ್ ಅನ್ನುತ್ತಿದ್ದರು. ಮನೆಮಂದಿಯೆಲ್ಲ ಹೋಗುವ ಗಾಡಿ ಟೂರಿಂಗ್. ನಾಲ್ಕೂ ಕಡೆ ಮುಚ್ಚಿದ ಕಾರು ಆಗ ಶ್ರೀಮಂತರ ವಸ್ತು. 1920ರ ದಶಕದಲ್ಲಿ ಅದು ಅಗ್ಗವಾದ ಮೇಲೆ ಟೂರಿಂಗ್ ಕಾರು ಮೂಲೆಗೆ ಸೇರಿತು.

ಇನ್ನೊಂದು ವಿಷಯ. ಆಗಿನ ಹೆಚ್ಚಿನ ಅಮೆರಿಕನ್ ಕಾರುಗಳಲ್ಲಿ ಸ್ಟೀರಿಂಗ್ ಬಲಗಡೆ ಇತ್ತು, ನಮ್ಮ ಹಾಗೆ. ಮಾಡೆಲ್ ಟಿ ಎಡಕ್ಕೆ ತಂದ ಮೇಲೆ ಉಳಿದವರೂ ನಿಧಾನಕ್ಕೆ ಎಡಕ್ಕೆ ಸರಿದರು.

ಹಡ್ಸನ್‌ದಂಡೆ:
ಮ್ಯಾಕ್ಸ್‌ವೆಲ್ ಅಂದ ಮೇಲೆ, ಕಾರು ಓಡಿಸಿಕೊಂಡು ಅಮೆರಿಕ ದಾಟಿದ ಮೊದಲ ಮಹಿಳೆ ಆಲಿಸ್ ರಾಮ್ಸಿ ಹೆಸರು ಇನ್ನೂ ಯಾಕೆ ಬಂದಿಲ್ಲ? ನಾನಿರುವುದು ನ್ಯೂಜೆರ್ಸಿಯಲ್ಲಿ, ಆಕೆಯ ಊರು ಹ್ಯಾಕನ್‌ಸ್ಯಾಕ್‌ಗೆ ಹತ್ತಿರ. ಆ ಊರ ಮೇಲೆ ವಾರಕ್ಕೆ ಮೂರು ಸಲ ಹಾದುಹೋಗುತ್ತೇನೆ. ಹಾಗಾಗಿ ಇದನ್ನು ಹೇಳುವ ಹಕ್ಕು ನನ್ನದು!

ಆಲಿಸ್‌ಗೆ ಆಗ 22 ವರ್ಷ. ಗಂಡ ವಕೀಲ. ಆಕೆಯ ಕುದುರೆ ಒಂದು ದಿನ ಎದುರಿಗೆ ಬಂದ ಕಾರಿಗೆ ಬೆದರಿ ಓಡಿತಂತೆ. ಕುದುರೆ ಸಹವಾಸ ಸಾಕು ಅಂತ ಗಂಡ 1908ರಲ್ಲಿ ಒಂದು ಮ್ಯಾಕ್ಸ್‌ವೆಲ್ ಕೊಡಿಸಿದ. ಕಾರಿಗೆ ಹೆದರಿದ ಕುದುರೆಯ ಬದಲು ಕಾರನ್ನೇ ತಂದ, ನೋಡಿ. ಅವನು ಮಾತ್ರ ಕಾರು ಓಡಿಸುತ್ತಿರಲಿಲ್ಲ. ಆ ಬೇಸಿಗೆಯಲ್ಲೇ ಈಕೆ ಸುಮಾರು 6,000 ಮೈಲಿ ಓಡಿಸಿದಳು. ಆಮೇಲೆ ಲಾಂಗ್ ಐಲ್ಯಾಂಡ್‌ನ ತುದಿಯ ಮೊಂಟಾಕ್‌ಗೆ ಒಂದು 200 ಮೈಲಿ ಓಟದಲ್ಲಿ ಪಾಲ್ಗೊಂಡಳು. ಅಲ್ಲಿ ಮ್ಯಾಕ್ಸ್‌ವೆಲ್ ಕಂಪನಿಯ ಮಾರಾಟದ ಮುಖ್ಯಸ್ಥ ಕೆಲ್ಸಿ ಆಕೆಯನ್ನು ನೋಡಿದ. ಪ್ರಚಾರ ಅಂದರೆ ಪ್ರಾಣ ಬಿಡುವ ಮನುಷ್ಯ. 'ಅಮೆರಿಕವನ್ನು ಈ ತುದಿಯಿಂದ ಆ ತುದಿಗೆ ದಾಟುತ್ತೀರಾ? ಖರ್ಚೆಲ್ಲ ನಮ್ಮದು' ಎಂದು ಕೇಳಿದ.

1909ರ ಜೂನ್ 9. ಸುರಿಯುವ ಮಳೆ. ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿದ್ದ ಮ್ಯಾಕ್ಸ್‌ವೆಲ್ ಅಂಗಡಿ ಮುಂದಿನಿಂದ ಹೊರಟರು. ಕಡು ಹಸಿರು ಬಣ್ಣದ ಮಾಡೆಲ್ ಡಿಎ ಟೂರಿಂಗ್ ಕಾರು, ನಾಲ್ಕು ಸಿಲಿಂಡರ್, 30 ಹಾರ್ಸ್‌ಪವರ್. ಜೊತೆಗೆ ಇಬ್ಬರು ನಾದಿನಿಯರು, ಇಬ್ಬರೂ 40 ದಾಟಿದವರು. ಮತ್ತೊಬ್ಬಳು ಗೆಳತಿ, ಆಲಿಸ್‌ಗಿಂತ ಚಿಕ್ಕವಳು. ಮೂವರಲ್ಲಿ ಒಬ್ಬರಿಗೂ ಡ್ರೈವಿಂಗ್ ಬರುತ್ತಿರಲಿಲ್ಲ. ಅಂದರೆ ಆಗಸ್ಟ್ 7ಕ್ಕೆ ಸ್ಯಾನ್‌ಫ್ರಾನ್ಸಿಸ್ಕೋ ಮುಟ್ಟುವ ತನಕ ಸ್ಟೀರಿಂಗ್ ಹಿಡಿದದ್ದು ಒಬ್ಬಳೇ. 59 ದಿನ, 3,800 ಮೈಲಿ. ಅದರಲ್ಲಿ ಕಲ್ಲೋ ಡಾಂಬರೋ ಹಾಕಿದ ಸರಿಯಾದ ರಸ್ತೆ 152 ಮೈಲಿ ಮಾತ್ರ. ಉಳಿದದ್ದೆಲ್ಲ ಗಾಡಿ ಜಾಡು.

ಬೆಣ್ಣೆದೋಸೆ:
3,800 ಮೈಲಿ ಅಂದರೆ 6,100 ಕಿಲೋಮೀಟರ್. ಬೆಂಗಳೂರಿಂದ ದೆಹಲಿಗೆ ಸುಮಾರು ಮೂರು ಸಲ ಹೋದ ಹಾಗಾಯಿತು. ಅಬ್ಬಾ. ದಾರಿ ಹೇಗೆ ಗೊತ್ತಾಗುತ್ತಿತ್ತು? ಮ್ಯಾಪ್ ಇತ್ತಾ?

ಹಡ್ಸನ್‌ದಂಡೆ:
ಬ್ಲೂ ಬುಕ್ ಅಂತ ದಾರಿ ತೋರಿಸುವ ಪುಸ್ತಕ ಇತ್ತು. ಅದು ಪೂರ್ವ ಭಾಗಕ್ಕೆ ಮಾತ್ರ. ಮಿಸಿಸಿಪ್ಪಿ ನದಿ ದಾಟಿದರೆ ಅದೂ ಇಲ್ಲ. ಅಲ್ಲಿ ಟೆಲಿಗ್ರಾಫ್ ಕಂಬ ನೋಡಿಕೊಂಡು ಹೋಗಬೇಕು. ಜಾಸ್ತಿ ತಂತಿ ಇರುವ ಕಂಬದ ಸಾಲು ಹಿಡಿದರೆ ದೊಡ್ಡ ಊರು ಸಿಗುತ್ತದೆ ಅನ್ನೋ ಲೆಕ್ಕ.

ಇದ್ದ ಪುಸ್ತಕದ ಕತೆ ಕೇಳಿ. ಕ್ಲೀವ್‌ಲ್ಯಾಂಡ್ ಹತ್ತಿರ 'ಹಳದಿ ಮನೆ, ಹಳದಿ ಕೊಟ್ಟಿಗೆ ಸಿಕ್ಕಾಗ ಎಡಕ್ಕೆ ತಿರುಗಿ' ಅಂತ ಅದರಲ್ಲಿ ಬರೆದಿತ್ತು. ಇವರು ಹಳದಿ ಮನೆ ಹುಡುಕಿ ಹುಡುಕಿ ಸುಸ್ತು. ಕೊನೆಗೆ ಯಾರನ್ನೋ ಕೇಳಿದರೆ ದಾರಿ ತಪ್ಪಿದೆ, ಹಸಿರು ಮನೆ ಹತ್ತಿರವೇ ತಿರುಗಬೇಕಿತ್ತು! ಆ ಮನೆಯವನಿಗೆ ಕಾರು ಕಂಡರೆ ಆಗುತ್ತಿರಲಿಲ್ಲವಂತೆ. ಕಾರಿನವರಿಗೆ ದಾರಿ ತಪ್ಪಲಿ ಅಂತಲೇ ಮನೆಗೆ ಹಸಿರು ಬಣ್ಣ ಬಳಿಸಿದ್ದ.

ಸುಮ್ನೆಓದುವವಳು:
ಇಂಥವರು ನಮ್ಮ ಏರಿಯಾದಲ್ಲೂ ಇದ್ದಾರೆ. ಮುಂದೆ ಹೇಳಿ ಅಕ್ಕಾ.

ಹಡ್ಸನ್‌ದಂಡೆ:
ಕ್ಲೀವ್‌ಲ್ಯಾಂಡ್ ಹತ್ತಿರ ಒಳ್ಳೆ ರಸ್ತೆ ಸಿಕ್ಕಿತು. ಅಲ್ಲಿ ಗಂಟೆಗೆ 42 ಮೈಲಿ ಓಡಿಸಿದಳು, ಇಡೀ ಪ್ರಯಾಣದಲ್ಲಿ ಅದೇ ಜಾಸ್ತಿ. ಆಮೇಲೆ ಅಯೋವಾ. ಕರಿ ಮಣ್ಣು, ಬಿಡದ ಮಳೆ. ನಮ್ಮ ಕಡೆ ಎರೆಮಣ್ಣಿನ ಹೊಲದಲ್ಲಿ ಮಳೆಗಾಲದಲ್ಲಿ ಎತ್ತಿನ ಗಾಡಿ ಹೂತುಕೊಳ್ಳುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. 360 ಮೈಲಿ ದಾಟಲು ಹೆಚ್ಚುಕಮ್ಮಿ 13 ದಿನ ಬೇಕಾಯಿತು. ಭಾರ ಇಳಿಸಲಿಕ್ಕೆ ನಾದಿನಿಯರನ್ನು ಒಂದಷ್ಟು ದೂರ ರೈಲು ಹತ್ತಿಸಿ ಕಳಿಸಿದರು. ಒಂದು ಹಳ್ಳ ಉಕ್ಕಿ ಹರಿಯುತ್ತಿತ್ತು. ಅದು ಇಳಿಯುವ ತನಕ ಕಾರಿನಲ್ಲೇ ರಾತ್ರಿ ಕಳೆದರು.

ನನಗೆ ತುಂಬಾ ಇಷ್ಟವಾದದ್ದು ನೀರಿನ ಪ್ರಸಂಗ. ಹಳೇಗಾಡಿ ಮೇಲೆ ಹೇಳಿದರಲ್ಲ, ನೀರು ಕಮ್ಮಿಯಾದರೆ ಕುದಿ ಬರುತ್ತದೆ ಅಂತ. ಕೆಸರಿನಲ್ಲಿ ಕಡಿಮೆ ಗೇರಿನಲ್ಲೇ ಎಳೆದೂ ಎಳೆದೂ ರೇಡಿಯೇಟರ್ ಕುದಿಯಿತು. ರಸ್ತೆ ಪಕ್ಕದ ಚರಂಡಿಯಲ್ಲಿ ನೀರಿದೆ, ಆದರೆ ತರಲು ಬಕೆಟ್ ಇಲ್ಲ. ನಾದಿನಿಯರ ಬಳಿ ಹಲ್ಲುಜ್ಜುವ ಬ್ರಷ್ ಇಡುವ ಗಾಜಿನ ಡಬ್ಬಿಗಳಿದ್ದವು. ಕೆತ್ತನೆ ಗಾಜು, ಬೆಳ್ಳಿ ಮುಚ್ಚಳ. ಆ ಹೆಂಗಸರು ಚರಂಡಿಗೂ ಕಾರಿಗೂ ಓಡಾಡಿ, ಆ ಬೆರಳುದ್ದದ ಡಬ್ಬಿಯಲ್ಲಿ ನೀರು ತುಂಬಿ ತುಂಬಿ ರೇಡಿಯೇಟರ್‌ಗೆ ಸುರಿದರು. ಎಷ್ಟು ಸಲ ಓಡಾಡಿರಬೇಕು ಲೆಕ್ಕ ಹಾಕಿ. ಈಗಲೂ ಹಲ್ಲುಜ್ಜುವಾಗ ಕೆಲವು ಸಲ ಅದು ನೆನಪಾಗಿ ನಗು ಬರುತ್ತದೆ ನನಗೆ.

ವಯೋಮಿಂಗ್‌ನಲ್ಲಿ ಪ್ಲ್ಯಾಟ್ ನದಿ ದಾಟಲು ಗಾಡಿ ಸೇತುವೆ ಇರಲಿಲ್ಲ. ರೈಲ್ವೆಯವರ ಒಪ್ಪಿಗೆ ಪಡೆದು ರೈಲು ಸೇತುವೆ ಮೇಲೆಯೇ ಕಾರು ಹತ್ತಿಸಿದಳು. ಉಳಿದವರು ನಡೆದು ದಾಟಿದರು. ಸ್ಲೀಪರ್‌ನಿಂದ ಸ್ಲೀಪರ್‌ಗೆ ದಡಕ್ ದಡಕ್ ಅಂತ ಮುಕ್ಕಾಲು ಮೈಲಿ. ಯೂಟಾದಲ್ಲಿ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿ ತೋಡಿದ ಬಿಲಕ್ಕೆ ಚಕ್ರ ಇಳಿದು, ಮುಂದಿನ ಎರಡು ಚಕ್ರ ಜೋಡಿಸುವ ಟೈ ರಾಡ್‌ನ ಬೋಲ್ಟ್ ಕಿತ್ತು ಮುಂದಿನ ಚಕ್ರಗಳು ಅಡ್ಡಾದಿಡ್ಡಿಯಾದವು. ಇಡೀ ದಾರಿಯಲ್ಲಿ 11 ಸಲ ಟೈರು ಬದಲಾಯಿಸಿದಳು.

ಲೆಕ್ಕದಮೇಷ್ಟ್ರು:
ಚೆನ್ನಾಗಿದೆ. ಆದರೆ ಒಂದು ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. ಇದು ಕಂಪನಿ ದುಡ್ಡು ಕೊಟ್ಟು ಮಾಡಿಸಿದ ಜಾಹೀರಾತು. ಮುಂದೆ ಮುಂದೆ ಒಬ್ಬ ಪತ್ರಕರ್ತ ರೈಲಿನಲ್ಲಿ ಹೋಗಿ ಪೇಪರಿನವರಿಗೆ ಸುದ್ದಿ ಕೊಡುತ್ತಿದ್ದ. ದಾರಿಯುದ್ದಕ್ಕೂ ಮ್ಯಾಕ್ಸ್‌ವೆಲ್ ಡೀಲರ್‌ಗಳು ಬಿಡಿಭಾಗ ಒದಗಿಸುತ್ತಿದ್ದರು. ಹೆಂಗಸರೂ ಓಡಿಸಬಹುದಾದಷ್ಟು ಸುಲಭದ ಕಾರು ಅಂತ ತೋರಿಸಬೇಕಿತ್ತು ಅವರಿಗೆ. ಅಲ್ಲದೆ ದೇಶ ದಾಟಿದ್ದರಲ್ಲಿ ಈಕೆ ಮೊದಲಿಗಳೇನಲ್ಲ. 1903ರಲ್ಲೇ ಹೊರೇಶಿಯೋ ಜಾಕ್ಸನ್ ಎಂಬ ಡಾಕ್ಟರ್ ವಿಂಟನ್ ಕಾರಿನಲ್ಲಿ 63 ದಿನಕ್ಕೆ ದಾಟಿದ್ದ, 50 ಡಾಲರ್ ಬಾಜಿ ಕಟ್ಟಿ. ದಾರಿಯಲ್ಲಿ ಒಂದು ನಾಯಿಯನ್ನೂ ಕೊಂಡು ಅದಕ್ಕೂ ಕನ್ನಡಕ ಹಾಕಿಸಿದ್ದ.

ಸುಮ್ನೆಓದುವವಳು:
ಜಾಹೀರಾತೇ ಇರಲಿ ಮೇಷ್ಟ್ರೇ. ಅಯೋವಾದ ಕೆಸರಿಗೆ ಇದು ಜಾಹೀರಾತು ಅಂತ ಗೊತ್ತಿತ್ತಾ? ಪತ್ರಕರ್ತ ರೈಲಿನಲ್ಲಿ ಒಣಗಿಕೊಂಡು ಹೋದ. ಟೈರು ಬಿಚ್ಚಿದ್ದು ಯಾರು?

ಹಡ್ಸನ್‌ದಂಡೆ:
ಹಾಗೆ ಕೇಳು! ಮೇಷ್ಟ್ರು ಹೇಳಿದ್ದೂ ನಿಜವೇ. 'ಮೊದಲ ಮಹಿಳೆ' ಅನ್ನುವುದಷ್ಟೇ ಸರಿ. 1960ರಲ್ಲಿ ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಆಕೆಯನ್ನು 'ಶತಮಾನದ ಮಹಿಳಾ ಚಾಲಕಿ' ಎಂದು ಕರೆಯಿತು. 2000ದಲ್ಲಿ ಆಟೋಮೋಟಿವ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಹೆಣ್ಣು ಈಕೆ. ಅಷ್ಟರಲ್ಲಿ ತೀರಿಕೊಂಡು 17 ವರ್ಷ ಆಗಿತ್ತು. 2009ರಲ್ಲಿ ನೂರು ತುಂಬಿದಾಗ ಇನ್ನೊಬ್ಬ ಮಹಿಳೆ ಅದೇ ಮಾದರಿಯ 1909ರ ಮ್ಯಾಕ್ಸ್‌ವೆಲ್‌ನಲ್ಲಿ ಮತ್ತೆ ದೇಶ ದಾಟಿದರು.

ಗ್ಯಾರೇಜ್‌ಮಗ:
ನೀವೆಲ್ಲ ದಾರಿ ಬಗ್ಗೆ ಹೇಳುತ್ತಿದ್ದೀರಿ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. 59 ದಿನ, ದಿನಾ ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡಲು ಹ್ಯಾಂಡಲ್ ಹೊಡೆದದ್ದು ಯಾರು?

ಸೆಲ್ಫ್ ಸ್ಟಾರ್ಟ್ ಬಂದದ್ದು 1912ರ ಕ್ಯಾಡಿಲಾಕ್‌ನಲ್ಲಿ. ಅದಕ್ಕೂ ಮೊದಲು ಎಲ್ಲರದೂ ಹ್ಯಾಂಡಲ್ಲೇ. ನಮ್ಮಪ್ಪನ ಗ್ಯಾರೇಜು ಹಾಸನದಲ್ಲಿತ್ತು. ಬ್ಯಾಟರಿ ಸತ್ತ ಲಾರಿಗೆ ಹ್ಯಾಂಡಲ್ ಹೊಡೆಯುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದೊಂದು ವಿದ್ಯೆ. ಮೊದಲು ಗೇರು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆಯಬೇಕು. ಮ್ಯಾಕ್ಸ್‌ವೆಲ್ ಕಾಲದ ಗಾಡಿಗಳಲ್ಲಿ ಸ್ಟೀರಿಂಗ್ ಹತ್ತಿರ ಒಂದು ಸಣ್ಣ ಲಿವರ್ ಇರುತ್ತದೆ, ಕಿಡಿ ಯಾವಾಗ ಹಾರಬೇಕು ಅಂತ ಹೇಳುವ ಲಿವರ್. ಅದನ್ನು ತಡಮಾಡುವ ಕಡೆಗೆ ಸರಿಸಬೇಕು. ಮರೆತರೆ ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹತ್ತಿ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ ತಿರುಗುಮುರುಗಾಗಿ ಬಂದು ಮಣಿಕಟ್ಟು ಮುರಿಯುತ್ತದೆ.

ಅದಕ್ಕೇ ಹಿಡಿಯುವ ಕ್ರಮ ಮುಖ್ಯ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಸುತ್ತಬಾರದು. ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಕೆಳಗಿಂದ ಮೇಲಕ್ಕೆ ಎಳೆಯಬೇಕು, ಮೇಲಿಂದ ಕೆಳಕ್ಕೆ ಅದುಮಬಾರದು. ಎಂಜಿನ್ ಒದ್ದರೆ ಕೈ ತಾನಾಗಿ ಬಿಟ್ಟುಕೊಳ್ಳಬೇಕು. ಅಪ್ಪನ ಹತ್ತಿರ ಕೆಲಸಕ್ಕಿದ್ದ ಒಬ್ಬರು ಇದನ್ನು ಮರೆತು ಎರಡು ತಿಂಗಳು ಪಟ್ಟಿ ಕಟ್ಟಿಕೊಂಡು ಓಡಾಡಿದ್ದರು. ಹೆಂಗಸರಿಗೂ ಸುಲಭ ಅಂತ ಕಂಪನಿಯವನು ಹೇಳಿದನಂತಲ್ಲ, ಅವನೇ ಬೆಳಗ್ಗೆ ಚಳಿಯಲ್ಲಿ ಹೊಡೆದು ನೋಡಬೇಕಿತ್ತು.

ಹಡ್ಸನ್‌ದಂಡೆ:
ಆಲಿಸೇ ಹೊಡೆಯುತ್ತಿದ್ದಳು ಗ್ಯಾರೇಜ್‌ಮಗ. ಸ್ಪಾರ್ಕ್ ಪ್ಲಗ್ ಬಿಚ್ಚಿ ತೊಳೆಯುವುದೂ ಆಕೆಯೇ. ಪೆಟ್ರೋಲ್ ಎಷ್ಟಿದೆ ಅಂತ ತೋರಿಸಲು ಮುಳ್ಳಿರಲಿಲ್ಲ, ಟ್ಯಾಂಕಿಗೆ ಕೋಲು ಇಳಿಸಿ ನೋಡಬೇಕು. ಟ್ಯಾಂಕು ಮುಂದಿನ ಸೀಟಿನ ಕೆಳಗೇ. ಈ ಪ್ರಯಾಣಕ್ಕೆ ಅಂತ 20 ಗ್ಯಾಲನ್ನಿನ ದೊಡ್ಡ ಟ್ಯಾಂಕು ಹಾಕಿಸಿದ್ದರು.

ಡೆಟ್ರಾಯಿಟ್‌ಕನ್ನಡಿಗ:
ಹಳೇಗಾಡಿ ಸರ್, ನಿಮ್ಮ ಮೊದಲ ಪೋಸ್ಟಿನ ಕೊನೆ ಸಾಲಿಗೆ ನನ್ನ ತಕರಾರಿದೆ. ಕ್ರೈಸ್ಲರ್ ಕೊಂದ ಅಂದಿರಿ. ಕ್ರೈಸ್ಲರ್ ಬರುವ ಹೊತ್ತಿಗೆ ಮ್ಯಾಕ್ಸ್‌ವೆಲ್ ಐಸಿಯುನಲ್ಲಿತ್ತು. ವಿಷ ಹಾಕಿದ್ದು ಬ್ರಿಸ್ಕೋ, ಅದೂ ಪ್ರೀತಿಯಿಂದ.

1908ರ ಶುರುವಿನಲ್ಲಿ ನಾಲ್ಕು ಜನ ಕೂತು ಮಾತಾಡಿದರು. ಬ್ರಿಸ್ಕೋ, ಬ್ಯುಯಿಕ್ ನಡೆಸುತ್ತಿದ್ದ ಬಿಲ್ಲಿ ಡ್ಯುರಾಂಟ್, ಹೆನ್ರಿ ಫೋರ್ಡ್, ರ‍್ಯಾನ್ಸಮ್ ಓಲ್ಡ್ಸ್. ನಾಲ್ಕೂ ಕಂಪನಿ ಸೇರಿಸಿ ಒಂದು ಮಾಡೋಣ ಅಂತ. ಜೆ.ಪಿ. ಮಾರ್ಗನ್ ಬ್ಯಾಂಕಿನವರು ದುಡ್ಡು ಹಾಕುವ ಮಾತು. ಫೋರ್ಡ್ ಹೇಳಿದ, 'ಆಗಲಿ, ನನಗೆ 30 ಲಕ್ಷ ಡಾಲರ್ ಕೈಯಲ್ಲಿ ಕೊಡಿ.' ಷೇರು ಗೀರು ಬೇಡ, ನಗದು. ಓಲ್ಡ್ಸ್ ಕೂಡ 'ಹಂಗಾದ್ರೆ ನಂಗೂ' ಅಂದ. ಅಲ್ಲಿಗೆ ಮಾತು ಮುರಿಯಿತು. ಡ್ಯುರಾಂಟ್ ಸೆಪ್ಟೆಂಬರ್‌ನಲ್ಲಿ ತಾನೇ ಜನರಲ್ ಮೋಟರ್ಸ್ ಕಟ್ಟಿದ.

ಬ್ರಿಸ್ಕೋಗೆ ಹೊಟ್ಟೆಯಲ್ಲಿ ಕಿಚ್ಚು. ನಾನೇನು ಕಮ್ಮಿ ಅಂತ 1910ರಲ್ಲಿ ಯುನೈಟೆಡ್ ಸ್ಟೇಟ್ಸ್ ಮೋಟರ್ ಕಂಪನಿ ಶುರುಮಾಡಿದ. ಮ್ಯಾಕ್ಸ್‌ವೆಲ್ ಜೊತೆಗೆ ಕೊಲಂಬಿಯಾ, ಬ್ರಷ್, ಸ್ಟೊಡಾರ್ಡ್-ಡೇಟನ್ ಇನ್ನೂ ಏನೇನೋ ಸೇರಿಸಿದ. ನಮ್ಮಲ್ಲಿ ಹೇಳುವುದಿಲ್ಲವೇ, ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಅಂತ. ಹಾಗಾಯಿತು. ದುಡಿಯುವ ಮಗ ಒಬ್ಬನೇ ಮ್ಯಾಕ್ಸ್‌ವೆಲ್, ಕೂತು ಉಣ್ಣುವವರು ಹತ್ತು ಜನ. ಎರಡೇ ವರ್ಷ, 1912ರಲ್ಲಿ ದಿವಾಳಿ. ಹರಾಜು ಮುಗಿದಾಗ ಬದುಕಿ ಉಳಿದದ್ದು ಮ್ಯಾಕ್ಸ್‌ವೆಲ್ ಮಾತ್ರ. ವಾಲ್ಟರ್ ಫ್ಲ್ಯಾಂಡರ್ಸ್ ಎಂಬ ಇನ್ನೊಬ್ಬ ಕಾರು ಉದ್ಯಮಿ ಬಂದು 1913ರಲ್ಲಿ ಮ್ಯಾಕ್ಸ್‌ವೆಲ್ ಮೋಟರ್ ಕಂಪನಿ ಅಂತ ಹೊಸ ಹೆಸರಿಟ್ಟು ಡೆಟ್ರಾಯಿಟ್‌ಗೆ ಎತ್ತಿಕೊಂಡು ಬಂದ. ಟ್ಯಾರಿಟೌನ್ ಕಾರ್ಖಾನೆ ಶೆವ್ರೊಲೆಗೆ ಹೋಯಿತು. ಶೆವ್ರೊಲೆ ಮುಂದೆ ಜನರಲ್ ಮೋಟರ್ಸ್ ಪಾಲಾಯಿತು, ಜನರಲ್ ಮೋಟರ್ಸ್ ಅಲ್ಲಿ 1996ರ ತನಕ ಕಾರು ಕಟ್ಟಿತು. ಬ್ರಿಸ್ಕೋನ ಅದೃಷ್ಟ ನೋಡಿ. ಬ್ಯುಯಿಕ್ಕೂ ಅವರ ಪಾಲು, ಮನೆಯೂ ಅವರ ಪಾಲು.

ಫ್ಲ್ಯಾಂಡರ್ಸ್ ಬಂದ ಮೇಲೆ ಒಳ್ಳೆ ಕಾಲ ಇತ್ತು. 1915ರಲ್ಲಿ ಮ್ಯಾಕ್ಸ್‌ವೆಲ್ 25 ಟೂರಿಂಗ್ ಕಾರು 695 ಡಾಲರ್‌ಗೆ ಸಿಗುತ್ತಿತ್ತು. ಫೋರ್ಡ್ ಇನ್ನೂ ಅಗ್ಗ, ನಿಜ. ಆದರೆ ಫೋರ್ಡ್‌ಗಿಂತ ಒಂದು ಮೆಟ್ಟಿಲು ಮೇಲೆ ಬೇಕು ಅನ್ನುವವರಿಗೆ ಇದು. ಮೊದಲ ಮಹಾಯುದ್ಧ ಮುಗಿದ ಮೇಲೆ ಮತ್ತೆ ಅದೇ ತಪ್ಪು. ಸಿಕ್ಕಾಪಟ್ಟೆ ಕಾರು ಕಟ್ಟಿದರು, ಸಾಲ ಏರಿಸಿದರು. 1920ರಲ್ಲಿ ಮಾರುಕಟ್ಟೆ ಬಿತ್ತು. ಅದರ ಮೇಲೆ ಹಿಂದಿನ ಆಕ್ಸಲ್ ಮುರಿಯುತ್ತದೆ ಅಂತ ಹೆಸರು ಕೆಟ್ಟಿತು. ಡೀಲರ್‌ಗಳ ಅಂಗಳದ ತುಂಬ ಮಾರಾಟವಾಗದ ಕಾರುಗಳು.

ಆಗ ಬ್ಯಾಂಕಿನವರು ವಾಲ್ಟರ್ ಕ್ರೈಸ್ಲರ್‌ನನ್ನು ಕರೆದರು. ಆತ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ಸಂಬಳ ಪಡೆಯುತ್ತಿದ್ದ ಮನುಷ್ಯ. ಮೊದಲು ಮಾಡಿದ ಕೆಲಸ ಏನು ಗೊತ್ತಾ? ಹೊಸ ಕಾರು ಕಟ್ಟಲಿಲ್ಲ. ನಿಂತಿದ್ದ ಕಾರುಗಳ ಆಕ್ಸಲ್‌ಗೆ ಕಬ್ಬಿಣದ ಆಧಾರ ಕೊಡಿಸಿ, 'ಒಳ್ಳೆಯ ಮ್ಯಾಕ್ಸ್‌ವೆಲ್' ಅಂತಲೇ ಹೆಸರಿಟ್ಟು, ಲಾಭ ಇಲ್ಲವೆನ್ನುವಷ್ಟು ಕಡಿಮೆ ಬೆಲೆಗೆ ಮಾರಿದ.

ಬೆಣ್ಣೆದೋಸೆ:
'ಒಳ್ಳೆಯ ಮ್ಯಾಕ್ಸ್‌ವೆಲ್' ಅಂತ ಬೋರ್ಡ್ ಹಾಕಿದರೆ ಹಳೇದು ಕೆಟ್ಟದ್ದು ಅಂತ ಒಪ್ಪಿಕೊಂಡ ಹಾಗಲ್ವಾ? 'ಇವತ್ತಿನ ಇಡ್ಲಿ ಚೆನ್ನಾಗಿದೆ' ಅಂತ ಹೋಟೆಲಿನವರು ಬರೆದ ಹಾಗೆ!

ಡೆಟ್ರಾಯಿಟ್‌ಕನ್ನಡಿಗ:
ಹೌದು, ಆದರೆ ಇಡ್ಲಿ ಖರ್ಚಾಯಿತು. ಜನ ಕೊಂಡರು. ಬಂದ ದುಡ್ಡಿನಲ್ಲಿ ಝೀಡರ್, ಸ್ಕೆಲ್ಟನ್, ಬ್ರೀರ್ ಎಂಬ ಮೂವರು ಎಂಜಿನಿಯರ್‌ಗಳು ಹೊಸ ಆರು ಸಿಲಿಂಡರ್ ಕಾರು ತಯಾರಿಸಿದರು. 1924ರ ಜನವರಿಯಲ್ಲಿ ನ್ಯೂಯಾರ್ಕ್‌ನ ಕಮಡೋರ್ ಹೋಟೆಲಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ಅದಕ್ಕೆ ಹಾಕಿದ ಹೆಸರು ಕ್ರೈಸ್ಲರ್. ಆದರೆ ಕಟ್ಟಿದ್ದು, ಮಾರಿದ್ದು ಮ್ಯಾಕ್ಸ್‌ವೆಲ್ ಕಂಪನಿ. ಮೊದಲ ವರ್ಷವೇ ಸುಮಾರು 32,000 ಹೋದವು. 1925ರ ಜೂನ್‌ನಲ್ಲಿ ಕಂಪನಿಯ ಹೆಸರೇ ಕ್ರೈಸ್ಲರ್ ಕಾರ್ಪೊರೇಷನ್ ಆಯಿತು. ಮ್ಯಾಕ್ಸ್‌ವೆಲ್ ನಾಲ್ಕು ಸಿಲಿಂಡರ್ ಕಾರು ನಿಲ್ಲಲಿಲ್ಲ. ಅದೇ ಬೆಳೆದು ಕ್ರೈಸ್ಲರ್ 58 ಆಯಿತು, 1928ರಲ್ಲಿ ಕ್ರೈಸ್ಲರ್ ಕಂಪನಿಯದೇ ಪ್ಲಿಮತ್ ಎಂಬ ಕಾರು ಆಯಿತು. ಹೆಸರು ಹೋಯಿತು, ಕಾರು ಉಳಿಯಿತು. ಜೊನಾಥನ್ ಮ್ಯಾಕ್ಸ್‌ವೆಲ್ ತೀರಿಕೊಂಡದ್ದೂ ಅದೇ 1928ರಲ್ಲಿ.

ಹಳೇಗಾಡಿ:
ಒಪ್ಪಿದೆ. 'ಕೊಂದ' ಅಂದಿದ್ದು ತಪ್ಪು, ವಾಪಸ್ ತೆಗೆದುಕೊಂಡೆ. ಗಂಡು ದಿಕ್ಕಿಲ್ಲದ ಮನೆಗೆ ಮನೆಅಳಿಯನಾಗಿ ಬಂದು, ಸಾಲ ತೀರಿಸಿ, ಕೊನೆಗೆ ಮನೆತನದ ಹೆಸರನ್ನೇ ಬದಲಿಸಿದ ಅನ್ನೋಣವೇ?

ಡೆಟ್ರಾಯಿಟ್‌ಕನ್ನಡಿಗ:
ಇದು ಸರಿ ಸರ್.

ಲೆಕ್ಕದಮೇಷ್ಟ್ರು:
ಹಾಗೆ ನೋಡಿದರೆ ಮ್ಯಾಕ್ಸ್‌ವೆಲ್ ಹೆಸರನ್ನು ಅಮೆರಿಕದವರ ಬಾಯಲ್ಲಿ ಉಳಿಸಿದ್ದು ಕಂಪನಿಯವರೂ ಅಲ್ಲ, ಆಲಿಸೂ ಅಲ್ಲ. ರೇಡಿಯೋದ ಜ್ಯಾಕ್ ಬೆನ್ನಿ. ಆತನ ಹಾಸ್ಯ ಕಾರ್ಯಕ್ರಮದಲ್ಲಿ ಆತ ಮಹಾ ಜುಗ್ಗ. ಎಷ್ಟು ವರ್ಷ ಕಳೆದರೂ ವಯಸ್ಸು 39. ಅವನ ಹತ್ತಿರ ಒಂದು ಡಕೋಟಾ ಮ್ಯಾಕ್ಸ್‌ವೆಲ್. ಕಂಪನಿ ಮುಚ್ಚಿ ಹತ್ತಾರು ವರ್ಷ ಆದರೂ ಜುಗ್ಗ ಅದನ್ನು ಮಾರಲ್ಲ. ಆ ಕಾರು ಕೆಮ್ಮುವ, ಉಬ್ಬಸ ಪಡುವ, ಕೊನೆಗೂ ಸ್ಟಾರ್ಟ್ ಆಗುವ ಸದ್ದನ್ನೆಲ್ಲ ಮೆಲ್ ಬ್ಲ್ಯಾಂಕ್ ಬಾಯಲ್ಲೇ ಮಾಡುತ್ತಿದ್ದ. ಬಗ್ಸ್ ಬನ್ನಿಗೆ ದನಿ ಕೊಟ್ಟವನೇ ಈತ. ಕಾರಿನ ಸದ್ದಿನ ರೆಕಾರ್ಡು ಕೈಕೊಟ್ಟಾಗ ಮೈಕಿನ ಮುಂದೆ ನಿಂತು ಬಾಯಲ್ಲೇ ಶುರುಮಾಡಿದನಂತೆ, ಜನ ಬಿದ್ದು ಬಿದ್ದು ನಕ್ಕರಂತೆ. ಅಲ್ಲಿಂದ ಅದೇ ಖಾಯಂ ಆಯಿತು.

ಹಡ್ಸನ್‌ದಂಡೆ:
ನನ್ನ ಆಫೀಸಿನಲ್ಲಿ ವಯಸ್ಸಾದ ಒಬ್ಬರಿಗೆ ಮ್ಯಾಕ್ಸ್‌ವೆಲ್ ಅಂದೆ. ಅವರು ತಕ್ಷಣ ಆ ಕೆಮ್ಮಿನ ಸದ್ದು ಮಾಡಿ ತೋರಿಸಿದರು. ಆಲಿಸ್ ರಾಮ್ಸಿ ಯಾರು ಅಂತ ಮಾತ್ರ ಗೊತ್ತಿರಲಿಲ್ಲ. ನನಗೆ ಸ್ವಲ್ಪ ಉರಿಯಿತು. 59 ದಿನ ಕೆಸರಿನಲ್ಲಿ ಎಳೆದ ಗಾಡಿಯ ಹೆಸರು ಕೆಮ್ಮಿನಿಂದ ಉಳಿದಿದೆಯಲ್ಲ ಅಂತ.

ತುಂಗಾತೀರ:
ಇಲ್ಲಿಯ ತನಕ ಬಾಯಿ ಮುಚ್ಚಿಕೊಂಡು ಓದುತ್ತಿದ್ದೆ. ಪ್ಲಿಮತ್ ಅಂದ ಕೂಡಲೇ ತಡೆಯಲಾಗಲಿಲ್ಲ. ಆ ದಾರಿ ನೇರ ನಮ್ಮ ಸರ್ ಎಂ.ವಿ. ಅವರ ಹತ್ತಿರ ಬರುತ್ತದೆ.

ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಎಷ್ಟೋ ವರ್ಷದ ಮೇಲೆ, 1930ರ ದಶಕದಲ್ಲಿ, ಭಾರತದಲ್ಲೇ ಕಾರು ಕಟ್ಟಬೇಕು ಅಂತ ಹಟ ಹಿಡಿದಿದ್ದರು. ಅದಕ್ಕೆಂದೇ ಯೂರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಆಗ ಅವರಿಗೆ 70 ದಾಟಿತ್ತು. ಯೋಜನೆ ಬರೆದರು. ಅದನ್ನು ಕೈಗೆತ್ತಿಕೊಂಡವರು ಬೊಂಬಾಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. 1940ರಲ್ಲಿ ಕ್ರೈಸ್ಲರ್ ಜೊತೆ ಒಪ್ಪಂದವಾಯಿತು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಹಾಕುವ ಮಾತಿತ್ತು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಅದೇ ವರ್ಷದ ಕೊನೆಗೆ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರುಮಾಡಿದರು, ಈಗಿನ ಎಚ್‌ಎಎಲ್. ಕಾರಿನ ಕನಸು ಬೊಂಬಾಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್. 1947ರ ಹೊತ್ತಿಗೆ ಕುರ್ಲಾದಲ್ಲಿ ಕ್ರೈಸ್ಲರ್‌ನವರ ಡಾಡ್ಜ್, ಪ್ಲಿಮತ್ ಕಾರುಗಳ ಜೋಡಣೆ. ಆಮೇಲೆ ಫಿಯೆಟ್, ಪದ್ಮಿನಿ ಎಲ್ಲ ನಿಮಗೆ ಗೊತ್ತೇ ಇದೆ.

ಡೆಟ್ರಾಯಿಟ್‌ಕನ್ನಡಿಗ:
ಮೈ ಜುಂ ಅಂತು ಸಾರ್. ದಿನಾ ಆ ಕಂಪನಿಯ ಬೋರ್ಡ್ ಮುಂದೆ ಓಡಾಡುತ್ತೇನೆ, ಈ ಕೊಂಡಿ ಹೊಳೆದೇ ಇರಲಿಲ್ಲ.

ಗ್ಯಾರೇಜ್‌ಮಗ:
ಹಾಗಾದರೆ ನಮ್ಮಪ್ಪ ರಿಪೇರಿ ಮಾಡುತ್ತಿದ್ದ ಫಾರ್ಗೋ ಲಾರಿ? ಅದೂ ಪ್ರೀಮಿಯರ್‌ನದೇ ಅಲ್ವಾ?

ತುಂಗಾತೀರ:
ಹೌದಪ್ಪಾ. ಫಾರ್ಗೋ ಅನ್ನೋದು ಕ್ರೈಸ್ಲರ್‌ನವರ ಲಾರಿ ಹೆಸರು. ಕಳ್ಳಬಳ್ಳಿಯ ನಂಟು, ಆದರೂ ನಂಟು.

ಗ್ಯಾರೇಜ್‌ಮಗ:
ಈಗಷ್ಟೇ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರಿಗೆ 78. ಕಂಪನಿ, ಸಾಲ, ದಿವಾಳಿ ಯಾವುದರ ಬಗ್ಗೆಯೂ ಕೇಳಲಿಲ್ಲ. 'ಆ ಹುಡುಗಿ ಹೆಬ್ಬೆರಳು ಎಲ್ಲಿಟ್ಟಿದ್ದಳಂತೆ?' ಅಂದರು. ಗೊತ್ತಿಲ್ಲ ಅಪ್ಪಾ ಅಂದೆ. ಎದ್ದು ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದು, ಹಾಲಿನ ಮಧ್ಯೆ ಬಗ್ಗಿ ನಿಂತು, ಹೇಗೆ ಹಿಡಿಯಬೇಕು ಅಂತ ಮೊಮ್ಮಗಳಿಗೆ ತೋರಿಸುತ್ತಿದ್ದಾರೆ. ಮೂರನೇ ಸಲ ಎಳೆಯುವಾಗ ಅಮ್ಮ ಬಂದು ಕಿತ್ತುಕೊಂಡರು. ಒಲೆ ಮೇಲೆ ಚಪಾತಿ ಕಾಯುತ್ತಿತ್ತು.